ಎಡಗೈಯ ಸಹಿ

ನಾನು ಅವರನ್ನು ಮೊದಲ ಸಲ ಕಂಡ ದಿನ ಅವರು ಗೋಡೆಗೆ ಸಲಾಮು ಹೊಡೆಯುತ್ತಿದ್ದರು. ಮನೆಗೆಲಸ ಕೇಳಿಕೊಂಡು ಹೋದವಳು ಹೊಸ್ತಿಲಲ್ಲೇ ನಿಂತುಬಿಟ್ಟೆ. ಒಳಗಿನ ಮಬ್ಬಿಗೆ ಕಣ್ಣು ಹೊಂದಿಕೊಂಡ ಮೇಲೆ ಕಂಡಿತು: ನೆಲದಿಂದ ಸೂರಿನವರೆಗೆ ಗಾಜಿನ ಚೌಕಟ್ಟುಗಳು, ಒಂದೊಂದರಲ್ಲೂ ಹಿಂದಿನ ಕಾಲದ ನೌಕಾವೀರನೊಬ್ಬನ ಸಹಿ, ಅದರ ಪಕ್ಕದಲ್ಲಿ ಅಂಗಿಯ ಗುಂಡಿಯೋ, ಪದಕದ ಪಟ್ಟಿಯೋ, ಹರಿದ ಬಾವುಟದ ಚೂರೋ. “ಲಂಗರು ಹಾಕಿ ತಾಯಿ,” ಎಂದರು. ಕೂತುಕೊಳ್ಳಿ ಎನ್ನುವುದಕ್ಕೆ ಅವರ ಮಾತು ಅದು ಎಂದು ತಿಳಿಯಲು ನನಗೆ ಎರಡು ದಿನ ಹಿಡಿಯಿತು.

ಬೀದಿಯವರೆಲ್ಲ ಅವರನ್ನು ಕ್ಯಾಪ್ಟನ್ ಎನ್ನುತ್ತಿದ್ದರು. ಆಯುಷ್ಯವೆಲ್ಲ ಕಳೆದದ್ದು ನೀರು ಸರಬರಾಜು ಕಚೇರಿಯ ಗುಮಾಸ್ತರಾಗಿ. ದೋಣಿ ಕಂಡರೇ ಹೊಟ್ಟೆ ತೊಳಸುವ ಪ್ರಾಣಿ. ಆದರೂ ಮನೆಯ ನೆಲವೇ ಅಲೆಯ ಮೇಲಿದೆಯೆಂಬಂತೆ ಕಾಲಗಲಿಸಿ ನಡೆಯುವರು, ಎಂಥ ಸೆಕೆಯಲ್ಲೂ ಹಿತ್ತಾಳೆ ಗುಂಡಿಯ ನೀಲಿ ಕೋಟು ಬಿಚ್ಚುತ್ತಿರಲಿಲ್ಲ. ಜೊತೆಗಿದ್ದ ಅವರ ತಂಗಿ “ನಲ್ಲಿ ನೀರಿನ ಕ್ಯಾಪ್ಟನ್ನು!” ಎಂದು ಹಂಗಿಸಿದರೆ, “ಸಮುದ್ರವೂ ನೀರೇ ಕಣೇ,” ಎಂದು ನಗುವರು.

ನಡುಗೋಡೆಯ ದೊಡ್ಡ ಚೌಕಟ್ಟಿಗೆ ಮಾತ್ರ ಆ ಸಲಾಮು. ಕದನದಲ್ಲಿ ಬಲಗೈ ಕಳೆದುಕೊಂಡ ನೌಕಾಧಿಪತಿಯೊಬ್ಬರು ಆಮೇಲೆ ಎಡಗೈಯಲ್ಲಿ ಬರೆದು ಸಹಿ ಹಾಕಿದ ಕಾಗದವಂತೆ ಅದು. ಅದು ನಿಜವಲ್ಲವೆಂದು ನನಗೆ ಮೊದಲ ವಾರವೇ ಅನುಮಾನ. ನನ್ನವರು ಛಾಪಖಾನೆಯಲ್ಲಿ ಕಾಗದ ಕತ್ತರಿಸುವ ಯಂತ್ರಕ್ಕೆ ಬಲಗೈ ಕೊಟ್ಟು, ನಲವತ್ತರ ಮೇಲೆ ಎಡಗೈಯಲ್ಲಿ ಅಕ್ಷರ ತಿದ್ದಿದವರು. ಅವರ ಮಗ್ಗುಲಲ್ಲಿ ಕೂತೇ ನಾನೂ ನಾಲ್ಕಕ್ಷರ ಕಲಿತದ್ದು. ಎಡಗೈ ಮುಂದೆ ಸಾಗುತ್ತ ಆಗಷ್ಟೇ ಬರೆದ ಹಸಿ ಮಸಿಯನ್ನೇ ಒರೆಸಿಕೊಂಡು ಹೋಗುತ್ತದೆ. ಅವರ ಒಂದು ಹಾಳೆಯೂ ಕಲೆಯಿಲ್ಲದೆ ಉಳಿದದ್ದಿಲ್ಲ. ಈ ಕಾಗದವೋ, ತೊಳೆದಿಟ್ಟ ತಟ್ಟೆ.

ಒಂಬತ್ತು ವರ್ಷ ಗಾಜು ಒರೆಸಿದೆ, ಬಾಯಿ ಬಿಡಲಿಲ್ಲ. ಕೊನೆಗೆ ಸಂಗ್ರಹವನ್ನೆಲ್ಲ ನೌಕಾ ಸಂಗ್ರಹಾಲಯಕ್ಕೆ ಕೊಡುವುದೆಂದಾಯಿತು. ಪರೀಕ್ಷಕರು ಸೋಮವಾರ ಬರುವುದೂ ಗೊತ್ತಾಯಿತು. “ಒಂದು ಸುಳ್ಳು ಸಿಕ್ಕಿದ್ರೆ ಉಳಿದದ್ದನ್ನ ಯಾರು ನಂಬ್ತಾರೆ?” ಎಂದು ಕ್ಯಾಪ್ಟನ್ನರು ತಂಗಿಗೆ ಹೇಳಿದ್ದು ಕಿವಿಗೆ ಬಿತ್ತು. ಆ ಶನಿವಾರ ಒರೆಸುವ ಬಟ್ಟೆ ಕೆಳಗಿಟ್ಟು ಎಲ್ಲ ಹೇಳಿಬಿಟ್ಟೆ.

ಅವರ ಮುಖ ಕೆಂಪಾಯಿತು. “ಮಸಿ ಹೀರೋ ಒತ್ತುಕಾಗದ ಇಟ್ಟಿರ್ತಾರೆ.”

“ಒತ್ತುಕಾಗದ ಸಾಲು ಮುಗಿದ ಮೇಲೆ ತಾನೇ ಅಣ್ಣ? ಅಷ್ಟರಲ್ಲಿ ಕೈ ದಾಟಿರುತ್ತೆ.”

“ಇಷ್ಟು ವರ್ಷ ಯಾಕೆ ಹೇಳಲಿಲ್ಲ?”

“ನೀವು ದಿನಾ ಸಲಾಮು ಹೊಡೀತಿದ್ರಿ.”

ಎದ್ದು ಒಳಗೆ ಹೋದರು. ಭಾನುವಾರ ಗೋಡೆಗೆ ಸಲಾಮಿಲ್ಲ, ನನಗೆ ಲಂಗರಿಲ್ಲ. ಕೆಲಸ ಹೋಯಿತೆಂದೇ ತಿಳಿದೆ.

ಸೋಮವಾರ ಬಂದ ಪರೀಕ್ಷಕಿ ಭೂತಗನ್ನಡಿ ಹಿಡಿದು ನೇರ ನಡುಗೋಡೆಗೇ ಹೋದರು. ತಂಗಿ ಸೆರಗು ಹಿಡಿದು ನಿಂತಿದ್ದರು. ಗಾಜಿಗೆ ಗಾಜು ತಾಗುವ ಮುನ್ನ ಕ್ಯಾಪ್ಟನ್ನರ ದನಿ ಕೇಳಿತು: “ಅದನ್ನ ಬಿಡಿ. ಅದು ಸುಳ್ಳು.”

“ಯಾರು ಹೇಳಿದ್ದು?”

“ಇವರು,” ಎಂದು ನನ್ನತ್ತ ಕೈ ತೋರಿದರು. “ಎಡಗೈ ಬಲ್ಲವರು.”

ಪರೀಕ್ಷಕಿ ಆ ಕಾಗದವನ್ನು ಬಹಳ ಹೊತ್ತು ನೋಡಿ ತಲೆದೂಗಿದರು. ಆಮೇಲೆ ಉಳಿದ ಎಪ್ಪತ್ತಮೂರನ್ನೂ ಒಂದೊಂದಾಗಿ ನೋಡಿ ಒಪ್ಪಿಕೊಂಡರು. ಗೋಡೆ ಬರಿದಾಯಿತು, ಉಳಿದದ್ದು ಆ ದೊಡ್ಡ ಚೌಕಟ್ಟೊಂದೇ.

ಪರರ ಶೌರ್ಯವನ್ನು ಗಾಜಿನಲ್ಲಿಟ್ಟು ಕಾಯುವವರನ್ನು ಕಂಡು ಜನ ನಗುತ್ತಾರೆ, ತಮ್ಮಲ್ಲಿಲ್ಲದ್ದನ್ನು ಗೋಡೆಗೆ ತೂಗುಹಾಕಿದ್ದಾರೆಂದು. ನಾನೂ ನಕ್ಕವಳೇ. ಆದರೆ ಯಾವುದಕ್ಕೆ ದಿನವೂ ತಲೆಬಾಗುತ್ತಾರೋ ಆ ಶೌರ್ಯ ಇಂಥವರ ಮೈಗೆ ತಿಳಿಯದಂತೆ ಹತ್ತಿರುತ್ತದೆ. ಅದು ಎದ್ದು ನಿಲ್ಲಲು ಕಡಲು ಬೇಕಿಲ್ಲ, ಒಂದು ಸೋಮವಾರ ಸಾಕು.

ಆ ವರ್ಷ ದಾಟುವ ಮುನ್ನ ಅವರು ತೀರಿಕೊಂಡರು. ಹಾಸಿಗೆ ಹಿಡಿದಾಗ ಒಮ್ಮೆ ಕರೆದು, “ಲಂಗರು ಹಾಕಿ ತಾಯಿ,” ಎಂದರು. ಎದೆಯ ಮೇಲೆ ಅದೇ ಚೌಕಟ್ಟು, ಒಳಗೆ ಕಾಗದವಿರಲಿಲ್ಲ. ಅವರು ನನ್ನನ್ನು ಕಡೆಯದಾಗಿ ಕೇಳಿದ್ದು ಇಷ್ಟೇ: “ನಿಮ್ಮ ಯಜಮಾನ್ರು ಬರೆದಿದ್ದು ಒಂದು ಹಾಳೆ ಆದ್ರೂ ಉಳಿದಿದ್ಯಾ? ಮಸಿ ಒರೆಸಿರೋದೇ ಬೇಕು.”