ಅಂಕೋಲಾಕ್ಕೆ ಹೇಳಿದ ಗಾಡಿ

ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿದೆ ಎಂಬುದು ಅನಸೂಯಾಬಾಯಿಗೆ ಹೊಳೆದದ್ದು ಬಾದಾಮಿ ಬಿಟ್ಟು ಎರಡು ಮೈಲಿ ಬಂದ ಮೇಲೆ. ಬೆಳಗಿನ ಎಂಟೂವರೆ. ಸಮುದ್ರವಿರುವುದು ಪಡುವಣಕ್ಕೆ. ಅಂಕೋಲಾಕ್ಕೆ ಹೊರಟ ಗಾಡಿಯಾದರೆ ಈ ಹೊತ್ತಿಗೆ ಬಿಸಿಲು ಬೆನ್ನಿಗೆ ಬೀಳಬೇಕಿತ್ತು. ಟಾಟಾ ಸುಮೋದ ನಡುವಿನ ಸೀಟಿನಲ್ಲಿ ಬಾಣಂತಿ ಮಗಳಿಗೆಂದು ಕಟ್ಟಿದ ಅಂಟಿನುಂಡಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಆಕೆ, ಮುಂದೆ ಡ್ರೈವರನ ಪಕ್ಕದಲ್ಲಿದ್ದ ಗಂಡನ ಬೋಳು ನೆತ್ತಿಯನ್ನು ನೋಡಿದಳು.

“ಎಲ್ಲಿಗೆ ಹೊಂಟದ ಇದು?”

“ಪಟ್ಟದಕಲ್ಲಿಗೆ,” ಎಂದರು ದತ್ತಾತ್ರೇಯ ಮಾಸ್ತರರು, ತಿರುಗದೆಯೇ. “ಇಲ್ಲೇ ಅದ. ಇಷ್ಟು ದೂರ ಬಂದು ನೋಡಲಿಲ್ಲಂದ್ರ ಹೆಂಗ?”

ಗಾಡಿ ಹೇಳಿ ಬಂದವಳು ಆಕೆಯೇ. ಹದಿನೈದು ದಿನದ ಹಿಂದೆ ನವನಗರದ ಬಸ್‌ಸ್ಟ್ಯಾಂಡಿನ ಹತ್ತಿರದ ಟ್ರಾವೆಲ್ಸ್ ಅಂಗಡಿಯ ಮೆಟ್ಟಿಲು ಹತ್ತಿ, ಅಂಕೋಲಾಕ್ಕೆ ಒಂದು ಗಾಡಿ ಬೇಕು, ಬೆಳಗಿನ ಐದಕ್ಕೆ ಮನೆಯ ಮುಂದಿರಬೇಕು, ಮರುದಿನ ವಾಪಸು ಎಂದು ಹೇಳಿದ್ದಳು. ಅರವತ್ತೊಂದು ವರ್ಷದ ಬದುಕಿನಲ್ಲಿ ತಾನೇ ಮುಂದೆ ನಿಂತು ಬಾಡಿಗೆ ಗೊತ್ತು ಮಾಡಿದ್ದು ಅದೊಂದೇ. ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೇ ಬಾಗಲಕೋಟೆ ಮುಳುಗುವ ಮುಂಚೆ ಮನೆ ಕೆಡವಿ, ಸಾಮಾನನ್ನು ನವನಗರಕ್ಕೆ ಸಾಗಿಸುವಾಗಲೂ ಲಾರಿಯವನ ಹತ್ತಿರ ಮಾತಾಡಿದವರು ಮಾಸ್ತರರೇ. ಅಂಗಡಿಯವನು ಹೆಸರು ಕೇಳಿದಾಗ ಆಕೆ ಗಂಡನ ಹೆಸರು ಹೇಳಹೋಗಿ, ತಡೆದು, ತನ್ನದೇ ಬರೆಸಿ ಬಂದಿದ್ದಳು.

ಮನೆಯಲ್ಲಿ ವಿಷಯ ಹೇಳಿದಾಗ ಮಾಸ್ತರರು ಪೇಪರು ಮಡಚಲಿಲ್ಲ. ಎರಡು ದಿನ ಬಿಟ್ಟು, ಹೆಂಗೂ ಬಾದಾಮಿ ಮೇಲೇ ಹೋಗುವುದು, ಅಲ್ಲಿ ಒಂದು ತಾಸು ನಿಲ್ಲೋಣ, ನೀನು ಭೂತನಾಥನ ಗುಡಿ ನೋಡಿಲ್ಲ ಎಂದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದ ಮನುಷ್ಯ ಪ್ರತಿ ವರ್ಷ ಮಕ್ಕಳನ್ನು ಬಾದಾಮಿ, ಪಟ್ಟದಕಲ್ಲು ಎಂದು ಕರೆದೊಯ್ಯುತ್ತಿದ್ದರು. ನಲವತ್ತು ಹುಡುಗರಿಗೆ ನಸುಕಿನಲ್ಲೆದ್ದು ಬುತ್ತಿ ಕಟ್ಟಿ ಕೊಟ್ಟವಳು ಈಕೆ. ಆ ಬಸ್ಸಿನಲ್ಲಿ ಒಮ್ಮೆಯೂ ಕೂತವಳಲ್ಲ. ಅವರಿಗೂ ವಯಸ್ಸಾಯಿತು, ಮನಸ್ಸು ಕರಗಿದೆ ಎಂದುಕೊಂಡಳು. ಮಗಳ ಮೇಲಿನ ಸಿಟ್ಟೂ ಕರಗಿರಬೇಕು ಎಂದುಕೊಂಡಳು.

ಮಗಳು ಗೌತಮಿಗೆ ಅಂಕೋಲಾದ ಸಾಲೆಯಲ್ಲಿ ನೌಕರಿ ಸಿಕ್ಕಿದ್ದು ಐದು ವರ್ಷದ ಹಿಂದೆ. ಮರುವರ್ಷ ಅದೇ ಸಾಲೆಯ ಸುಧಾಕರ ಎಂಬ ಮಾಸ್ತರನನ್ನು ಮದುವೆಯಾದಳು. ಅವನದು ಮೀನು ಹಿಡಿಯುವವರ ಮನೆ. ದತ್ತಾತ್ರೇಯ ಮಾಸ್ತರರು ಕೂಗಾಡಲಿಲ್ಲ, ಬೈಯಲಿಲ್ಲ. ಮಗಳ ಹೆಸರೆತ್ತುವುದನ್ನು ನಿಲ್ಲಿಸಿದರು, ಅಷ್ಟೇ. ಪತ್ರ ಬಂದರೆ ಒಡೆಯದೆ ಅಡಿಗೆಮನೆಯ ಕಟ್ಟೆಯ ಮೇಲಿಡುತ್ತಿದ್ದರು. ಗೌತಮಿಯ ಮೊದಲ ಬಸಿರು ಇಳಿದುಹೋದಾಗ ಅನಸೂಯಾಬಾಯಿ ಹೋಗಲು ಚೀಲ ಕಟ್ಟಿದ್ದಳು. ಅವತ್ತೇ ಮಾಸ್ತರರಿಗೆ ಜ್ವರ ಬಂತು. ಈ ಸಲ ಹೆರಿಗೆಯ ಹೊತ್ತಿಗೆ, ಮಳೆಗೆ ಘಟ್ಟದ ರಸ್ತೆ ಕಿತ್ತುಹೋಗಿದೆ ಎಂದರು. ಹೆಣ್ಣು ಕೂಸು. ಹನ್ನೆರಡನೆಯ ದಿನಕ್ಕೆ ಆಗಬೇಕಿದ್ದ ಹೆಸರಿಡುವ ಕಾರ್ಯವನ್ನು ಗೌತಮಿ ಮುಂದೆ ಹಾಕಿದಳು. ಅಪ್ಪ ಬಂದ ಮೇಲೇ ಎಂದು ಹಟ. ಮೂರು ತಿಂಗಳಾದರೂ ಕೂಸಿಗೆ ಹೆಸರಿರಲಿಲ್ಲ. ಕಡೆಗೆ ಇವತ್ತು, ಈ ಭಾನುವಾರ, ಸಂಜೆ ಆರೂವರೆಗೆ ಎಂದು ನಿಶ್ಚಯವಾಗಿತ್ತು.

ಬಾದಾಮಿಯಲ್ಲಿ ಒಂದು ತಾಸು ಎಂದದ್ದು ಎರಡಾಗಿತ್ತು. ಪಟ್ಟದಕಲ್ಲಿನಲ್ಲಿ ಗದಗಿನ ಕಡೆಯ ಯಾವುದೋ ಕಾಲೇಜಿನ ಹುಡುಗ ಹುಡುಗಿಯರು ಬಂದಿದ್ದರು. ಅವರ ಗೈಡು ಏನೋ ತಪ್ಪು ಹೇಳಿದನೆಂದು ಮಾಸ್ತರರು ತಡೆದು ತಿದ್ದಿದರು. ಆಮೇಲೆ ತಾವೇ ಶುರು ಮಾಡಿದರು. ಅನಸೂಯಾಬಾಯಿ ಹುಲ್ಲಿನ ಮೇಲೆ ಕೂತು ಹತ್ತು ಗಂಟೆಯಾಗುವುದನ್ನು ನೋಡಿದಳು, ಹತ್ತೂವರೆಯಾಗುವುದನ್ನು ನೋಡಿದಳು. ಎರಡು ಸಲ ಹೋಗಿ ಕರೆದಳು. ಹೊಂಟೆ ಹೊಂಟೆ ಎಂದು ಕೈಯಾಡಿಸಿದರು. ಬಾಯಾರಿ, ನೀರಿಗೆಂದು ಗಾಡಿಯ ಹತ್ತಿರ ಬಂದಳು.

ಡ್ರೈವರು ಶಿವಸಂಗಪ್ಪ ಇಳಕಲ್ಲಿನವನು. ನಲವತ್ತು ದಾಟಿದ, ಮಿತಮಾತಿನ ಮನುಷ್ಯ. ಮನೆಯಲ್ಲಿ ಮಗ್ಗವಿತ್ತು, ಅಪ್ಪನ ಕಾಲಕ್ಕೇ ನಿಂತಿತು ಎಂದು ದಾರಿಯಲ್ಲಿ ಹೇಳಿದ್ದ. ಆಕೆ ನೀರು ಕುಡಿದು ಮುಗಿಸುವವರೆಗೆ ಕಾದು ಕೇಳಿದ, “ಬಾಯಾರ, ಊಟ ಐಹೊಳ್ಯಾಗ ಮಾಡ್ತೀರೋ, ಮನಿಗೆ ಹೋಗಿ ಮಾಡ್ತೀರೋ? ಎರಡಕ್ಕೆಲ್ಲಾ ಬಾಗಲಕೋಟಿ ಮುಟ್ಟತೀವಿ.”

“ಬಾಗಲಕೋಟಿ?”

ಅವನು ಸ್ಟೇರಿಂಗಿನ ಮುಂದೆ ಸಿಕ್ಕಿಸಿದ್ದ ಚೀಟಿ ತೆಗೆದು ಕೊಟ್ಟ. ಮೇಲೆ ಆಕೆಯ ಹೆಸರೇ ಇತ್ತು. ಕೆಳಗೆ ಅಂಕೋಲಾ ಎಂದು ಬರೆದದ್ದಕ್ಕೆ ಗೀಟು ಹೊಡೆದು, ಬೇರೆ ಶಾಯಿಯಲ್ಲಿ ಬಾದಾಮಿ, ಪಟ್ಟದಕಲ್ಲು, ಐಹೊಳೆ, ವಾಪಸು ಎಂದು ಬರೆದಿತ್ತು.

“ಮಾಸ್ತರ್ರು ಶುಕ್ರವಾರ ಬಂದು ಬದಲಿ ಮಾಡಿಸ್ಯಾರ್ರಿ,” ಎಂದ ಶಿವಸಂಗಪ್ಪ. “ನಿಮಗ ಗೊತ್ತೈತಿ ಅಂತ ತಿಳದಿದ್ನಿ ನಾ.”

ಅನಸೂಯಾಬಾಯಿ ಚೀಟಿಯನ್ನು ಎರಡು ಸಲ ಓದಿದಳು. ಶುಕ್ರವಾರ ಸಂಜೆ ಅವರು ಮನೆಗೆ ಬಂದು ಚಹಾ ಕೇಳಿದ್ದರು. ಆಕೆ ಎಳ್ಳು ಹುರಿಯುತ್ತಿದ್ದವಳು ಎದ್ದು ಮಾಡಿಕೊಟ್ಟಿದ್ದಳು. ಕೂಸಿಗೆ ಏನು ಒಯ್ಯುತ್ತೀ ಎಂದು ಸಹ ಕೇಳಿದ್ದರು. ಕೇಳಿ, ತಲೆಯಾಡಿಸಿದ್ದರು.

ಈಗ ಹೊರಟರೆ ಆರೂವರೆಗೆ ಅಂಕೋಲಾ ಮುಟ್ಟುತ್ತದೆಯೇ ಎಂದು ಕೇಳಿದಳು. ಶಿವಸಂಗಪ್ಪ ಬೆರಳು ಮಡಚಿ ಹುಬ್ಬಳ್ಳಿ, ಯಲ್ಲಾಪುರ ಎಂದು ಲೆಕ್ಕ ಹಾಕಿ, ಸ್ವಲ್ಪ ಹಿಂದುಮುಂದು ಆದೀತು ಎಂದ. ಆದರೆ ಚೀಟಿಯಲ್ಲಿ ಇಲ್ಲದ ಕಡೆಗೆ ಗಾಡಿ ಒಯ್ಯಲು ಮಾಲಕನನ್ನು ಕೇಳಬೇಕು. ದಾರಿಯಂಚಿನ ಎಸ್‌ಟಿಡಿ ಬೂತಿಗೆ ಹೋಗಿ ಐದು ನಿಮಿಷ ಮಾತಾಡಿ ಬಂದ. ಮಾಲಕ ಒಲ್ಲೆ ಎಂದನೋ ಹ್ಞೂಂ ಎಂದನೋ ಅವನು ಹೇಳಲಿಲ್ಲ.

“ಗಾಡಿ ಹೇಳಿದವ್ರು ನೀವರಿ,” ಎಂದ. “ನೀವು ಹೇಳಿದ ಕಡೆ ಹೋಗೂದು.”

ವಿರೂಪಾಕ್ಷ ಗುಡಿಯ ಬಾಗಿಲ ಹತ್ತಿರ ಮಾಸ್ತರರು ಶಾಸನದ ಅಕ್ಷರಗಳ ಮೇಲೆ ಬೆರಳಾಡಿಸುತ್ತಿದ್ದರು. ಸುತ್ತ ಮೂವತ್ತು ಜನ. ಈ ಗುಡಿ ಕಟ್ಟಿದವನ ಹೆಸರು ಗುಂಡ, ಅನಿವಾರಿತಾಚಾರಿ ಎಂದು ಬಿರುದು, ಹನ್ನೆರಡುನೂರಾ ಅರವತ್ತು ವರ್ಷವಾದರೂ ಹೆಸರು ಉಳಿದಿದೆ ನೋಡಿರಿ ಎನ್ನುತ್ತಿದ್ದರು. ಅವರ ಮುಖ ಹೊಳೆಯುತ್ತಿತ್ತು. ಅನಸೂಯಾಬಾಯಿ ಹುಡುಗಿಯರ ನಡುವೆ ದಾರಿ ಮಾಡಿಕೊಂಡು ಬಂದು ಅವರ ಮುಂದೆ ಚೀಟಿ ಹಿಡಿದಳು.

“ಇದಕ್ಕ ಗೀಟು ಹೊಡಿಸಿದವ್ರು ನೀವೇನ್ರಿ?”

ಮಾಸ್ತರರು ಕಣ್ಣಿನಿಂದ ಚಾಳೀಸು ತೆಗೆದರು. “ಇಲ್ಲೆ ಬ್ಯಾಡ ಅನಸೂಯಾ. ಹುಡುಗರಿದ್ದಾರ.”

“ಇರ್ಲಿ. ಸಾವಿರ ವರ್ಷದ ಹಿಂದ ಸತ್ತ ಕಲ್ಲುಕುಟಿಗನ ಹೆಸರು ನಿಮಗ ಬಾಯಿಪಾಠ ಅದ. ಅಲ್ಲೆ ನಿಮ್ಮ ಮೊಮ್ಮಗಳು ಅಜ್ಜ ಬರ್ತಾನ ಅಂತ ಮೂರು ತಿಂಗಳಿಂದ ಹೆಸರಿಲ್ಲದ ಮಲಗೇದ.”

ದನಿ ಏರಿರಲಿಲ್ಲ. ಆದರೂ ಹುಡುಗರು ಒಬ್ಬೊಬ್ಬರಾಗಿ ಹಿಂದೆ ಸರಿದು ನಂದಿಯ ಮಂಟಪದ ಕಡೆ ಹೋದರು. ಮಾಸ್ತರರು ಘಟ್ಟದ ರಸ್ತೆಯ ಮಾತು ತೆಗೆದರು, ಆಕೆಯ ಬೆನ್ನುನೋವಿನ ಮಾತು ತೆಗೆದರು. ಆಕೆ ಅವರ ಮುಖವನ್ನೇ ನೋಡುತ್ತ ನಿಂತಳು. ಮಾತು ತಾನಾಗಿಯೇ ನಿಂತಿತು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು, “ಆ ಮನ್ಯಾಗ ನಾ ಹೆಂಗ ಕೂಡ್ಲಿ? ಎಲಿ ಹಾಕಿ ಊಟಕ್ಕ ಏಳ್ರಿ ಅಂದ್ರ ಹೆಂಗ ಏಳ್ಲಿ? ನನ್ನ ಕೈಲೆ ಆಗೂದಿಲ್ಲ.”

“ಹಂಗಂತ ಹೇಳಬೇಕಿತ್ತು. ನಾಕು ವರ್ಷ ಜ್ವರ ಬಂತು ಅಂದ್ರಿ, ರಸ್ತಾ ಕೆಟ್ಟದ ಅಂದ್ರಿ. ಇವತ್ತ ಗುಡಿ ತೋರಸ್ತೇನಿ ಅಂದ್ರಿ.” ಆಕೆ ಉಸಿರು ತೆಗೆದುಕೊಂಡಳು. “ಹಳೇ ಮನಿ ಕೆಡವಿದ ದಿನ ಗ್ವಾಡಿಗೆ ಕೈ ಹಚ್ಚಿ ಅತ್ರಿ ನೀವು. ಮಗಳ ಮದುವಿ ಸುದ್ದಿ ಬಂದ ದಿನ ಎರಡು ಸಲ ಅನ್ನ ಹಾಕಿಸ್ಕೊಂಡು ಉಂಡ್ರಿ. ನನಗ ಅವತ್ತ ತಿಳೀಬೇಕಿತ್ತು.”

ಗಾಡಿಗೆ ಹೋಗಿ ಬುತ್ತಿಯ ಗಂಟು ಬಿಚ್ಚಿದಳು. ನಾಲ್ಕು ಚಪಾತಿ, ಚಟ್ನಿಪುಡಿ, ಮೊಸರಿನ ಡಬ್ಬಿ ಬೇರೆ ಕಟ್ಟಿದಳು. ಪರ್ಸಿನಿಂದ ಗಂಡನ ಬಿಪಿ ಗುಳಿಗೆಯ ಪಾಕೀಟು ತೆಗೆದು ಅದರೊಳಗೆ ಹಾಕಿದಳು. ಗಂಟನ್ನು ಶಿವಸಂಗಪ್ಪ ಕಟ್ಟಿಕೊಟ್ಟ. ಅದನ್ನೂ ಅವರ ಚೀಲವನ್ನೂ ತಂದು ಗುಡಿಯ ಮೆಟ್ಟಿಲ ಮೇಲಿಟ್ಟಳು.

“ನಾ ಬರೂದಿಲ್ಲಂತ ಗೊತ್ತಿದ್ದೂ ಹೊಂಟಿ?” ಎಂದರು ಮಾಸ್ತರರು.

“ಬಾದಾಮಿಗೆ ಬಸ್ಸು ಎಲ್ಲಿ ನಿಲ್ತದ ಅಂತ ನಿಮಗ ನನಗಿಂತ ಛಲೋ ಗೊತ್ತದ,” ಎಂದು ಆಕೆ ಹೊರಟಳು.

ಗಾಡಿ ಬಾದಾಮಿ ದಾಟಿ, ಕೆರೂರು ದಾಟಿ, ನವಲಗುಂದದ ಕಪ್ಪು ಹೊಲಗಳ ನಡುವೆ ಓಡಿತು. ಸಿಟ್ಟು ಇಳಿಯುತ್ತದೆ ಎಂದುಕೊಂಡಿದ್ದಳು. ಅದು ಜಾಗ ಬದಲಿಸಿತು ಅಷ್ಟೇ. ಈಗ ಅದು ತನ್ನ ಮೇಲೇ ತಿರುಗಿತ್ತು. ಅವತ್ತಿನ ಜ್ವರದಲ್ಲಿ ಹಣೆ ಮುಟ್ಟಿ ನೋಡಿದ್ದೆನಲ್ಲ, ತಣ್ಣಗಿತ್ತಲ್ಲ. ತಣ್ಣಗಿದ್ದ ಹಣೆಗೆ ಒದ್ದೆ ಬಟ್ಟೆ ಹಾಕಿ ರಾತ್ರಿಯಿಡೀ ಕೂತವಳು ಯಾರು? ಗೌತಮಿ ದವಾಖಾನೆಯಲ್ಲಿ ಒಬ್ಬಳೇ ಮಲಗಿದ್ದಳು. ಶಿವಸಂಗಪ್ಪ ಕನ್ನಡಿಯಲ್ಲಿ ಒಮ್ಮೆ ನೋಡಿ, ಊಟದ ಮಾತೆತ್ತಲಿಲ್ಲ.

ಹುಬ್ಬಳ್ಳಿಯಲ್ಲಿ ಇಳಿದು ಫೋನು ಮಾಡಿದಳು. ಗೌತಮಿಯೇ ಎತ್ತಿದಳು. ಹಿಂದೆ ಪಾತ್ರೆಗಳ, ಹೆಂಗಸರ ಸದ್ದು.

“ತಡಾ ಆಗತದ. ಏಳಾದೀತು. ನಿಲ್ಲಸ್ರಿ,” ಎಂದಳು ಅನಸೂಯಾಬಾಯಿ.

ಗೌತಮಿ ಕೇಳಿದಳು, “ಅಪ್ಪ ಬರ್ಲಿಕತ್ತಾರಿಲ್ಲೋ ಅವ್ವಾ?”

“ನಾ ಬರ್ಲಿಕತ್ತೇನಿ.”

ಗೌತಮಿ ಹುಷಾರಿಂದ ಬಾ ಎಂದಷ್ಟೇ ಹೇಳಿದಳು.

ಅರಬೈಲ್ ಘಟ್ಟದಲ್ಲಿ ಆಕೆಗೆ ಎರಡು ಸಲ ವಾಂತಿಯಾಯಿತು. ರಸ್ತೆ ನಿಜಕ್ಕೂ ಕೆಟ್ಟಿತ್ತು. ಅದೊಂದು ಮಾತನ್ನಾದರೂ ಮಾಸ್ತರರು ಖರೆ ಹೇಳಿದ್ದರು. ಮುಟ್ಟಿದಾಗ ಏಳು ಹೊಡೆದಿತ್ತು. ಹಂಚಿನ ಮನೆಯ ಅಂಗಳದಲ್ಲಿ ನೆರೆಯ ಹೆಂಗಸರು ಒಮ್ಮೆ ಮನೆಗೆ ಹೋಗಿ ದೀಪ ಹಚ್ಚಿ ಮತ್ತೆ ಬಂದು ಕೂತಿದ್ದರು. ಸುಧಾಕರನ ತಾಯಿ ಕಾಲಿಗೆ ನೀರು ಕೊಟ್ಟಳು. ಮೋರೆಯ ತುಂಬ ಸುಕ್ಕಿನ, ಗಟ್ಟಿ ಕೈಯ ಹೆಂಗಸು. ಅವಳ ಕಣ್ಣು ಗಾಡಿಯ ಮುಂದಿನ ಸೀಟಿಗೆ ಹೋಗಿ, ಖಾಲಿಯಿರುವುದನ್ನು ನೋಡಿ, ಹಿಂದಕ್ಕೆ ಬಂತು. “ಬನ್ನಿ ಅಮ್ಮಾ, ಮಗು ಎದ್ದಿದೆ,” ಎಂದಳು.

ಗೌತಮಿ ತೆಳ್ಳಗಾಗಿದ್ದಳು. ಅಮ್ಮನ ಹೆಗಲಿಗೆ ಹಣೆ ಹಚ್ಚಿ ಸ್ವಲ್ಪ ಹೊತ್ತು ನಿಂತು, ಕೂಸನ್ನು ಕೈಗೆ ಕೊಟ್ಟು, ಕಿವಿಯಲ್ಲಿ ಹೇಳಬೇಕಾದ ಹೆಸರನ್ನು ಮೊದಲು ಅಮ್ಮನ ಕಿವಿಯಲ್ಲಿ ಹೇಳಿದಳು. ರಮಾ. ಅದು ದತ್ತಾತ್ರೇಯ ಮಾಸ್ತರರ ತಾಯಿಯ ಹೆಸರು. ಅನಸೂಯಾಬಾಯಿಗೆ ಮತ್ತೊಮ್ಮೆ ಸಿಟ್ಟು ಉಕ್ಕಿ ಬಂತು. ಇಂಥ ಮಗಳಿಗೆ ಇಂಥ ಅಪ್ಪ ಎಂದು. ಆ ಸಿಟ್ಟಿನಲ್ಲೇ ಬಾಗಿ, ಎಳೆಯ ಕಿವಿಗೆ ತುಟಿ ತಾಗಿಸಿ, ಮೂರು ಸಲ ಹೆಸರು ಹೇಳಿದಳು.

ಮರುದಿನ ಬೆಳಿಗ್ಗೆ ಎಂಟಕ್ಕೆ ಫೋನು ಬಂತು. ಗೌತಮಿ ಸ್ನಾನಕ್ಕೆ ಹೋಗಿದ್ದಳು. ಅನಸೂಯಾಬಾಯಿ ಎತ್ತಿದಳು.

“ಗಾಡಿ ಎಷ್ಟಕ್ಕ ಹೊರಡತದ?” ಮಾಸ್ತರರ ದನಿ.

“ಗಾಡಿ ಹೊರಡತದ, ಒಂಬತ್ತಕ್ಕ. ನಾ ಹೊರಡೂದಿಲ್ಲ. ಇನ್ನ ಒಂದು ತಿಂಗಳು ಇಲ್ಲೇ ಇರ್ತೇನಿ.”

ಆಕೆ ಕಾದಳು.

“ಏನಂತ ಇಟ್ರು ಅಂತ ಕೇಳೂದಿಲ್ಲೇನು ನೀವು?”

ಆ ಕಡೆಯಿಂದ ಉತ್ತರ ಬರಲಿಲ್ಲ. ಫೋನು ಇಟ್ಟ ಸದ್ದೂ ಬರಲಿಲ್ಲ. ಉಸಿರು ಮಾತ್ರ ಹತ್ತಿರದಲ್ಲೇ ಇದ್ದ ಹಾಗೆ ಕೇಳುತ್ತಿತ್ತು.

ಅನಸೂಯಾಬಾಯಿ ರಿಸೀವರನ್ನು ಅದರ ಜಾಗದಲ್ಲಿಡಲಿಲ್ಲ. ತೊಟ್ಟಿಲ ಪಕ್ಕದ ಸ್ಟೂಲಿನ ಮೇಲೆ ಅಂಗಾತ ಮಲಗಿಸಿ, ಅಂಗಳಕ್ಕೆ ಬಂದು, ಮೆಣಸಿನಕಾಯಿ ಹರವುತ್ತಿದ್ದ ಬೀಗತಿಯ ಎದುರಿಗೆ ಚಾಪೆಯ ಮೇಲೆ ಕೂತಳು. ಒಳಗೆ ಕೂಸು ಎದ್ದಿತು. ಮೊದಲು ಕುಂಯ್‌ಗುಟ್ಟಿ, ಆಮೇಲೆ ದನಿ ಎತ್ತಿ ಅಳಲು ಶುರು ಮಾಡಿತು. ಬೀಗತಿ ಏಳಹೋದಳು. ಅನಸೂಯಾಬಾಯಿ ಅವಳ ಮೊಳಕೈ ಹಿಡಿದು, “ಸ್ವಲ್ಪ ತಡೀರಿ, ಅದರ ಅಜ್ಜ ಕೇಳ್ಲಿಕತ್ತಾರ,” ಎಂದು ಕೂರಿಸಿದಳು.