ಕಿತ್ಕೊಳ್ಳೋ ಪಾಠ

ಎದುರಿಗಿದ್ದ ಹುಡುಗ ಮಂಡಿ ಬಗ್ಗಿಸಿ, ತೋಳು ಅಗಲಿಸಿ ಹೇಳಿಕೊಟ್ಟ ಹಾಗೇ ನಿಂತಿದ್ದ. ಪಿ.ಟಿ. ಮೇಷ್ಟ್ರು ಚೆಂಡನ್ನು ಕಾಲಲ್ಲಿ ಉರುಳಿಸುತ್ತಾ ಹತ್ತಿರ ಬಂದಾಗ ಮಾತ್ರ ಮೆಲ್ಲಗೆ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

"ಯಾಕೋ, ನಾನೇನು ಮದುವೆ ಮೆರವಣಿಗೇಲಿ ಬರ್ತಿದೀನಾ, ದಾರಿ ಬಿಡೋಕೆ?"

ಯಾರೂ ನಗಲಿಲ್ಲ. ಮುಂದಿನವನೂ ಸರಿದ. ಅವನ ಹಿಂದಿನವಳೂ ಸರಿದಳು.

ಹೆಂಡತಿ ತೀರಿಕೊಂಡ ಮೇಲೆ ಮೇಷ್ಟ್ರು ಶಾಲೆಗೆ ಬಂದ ಮೊದಲ ದಿನ ಅದು. ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಒಬ್ಬೊಬ್ಬರೇ ಬಂದು ಕೈ ಹಿಡಿದುಕೊಂಡಿದ್ದರು. ಯಾರು ಏನೆಂದರೆಂಬುದು ಅವರ ಕಿವಿಗೆ ಇಳಿದಿರಲಿಲ್ಲ. ಮೈದಾನದಲ್ಲಿ ಬಾಯಿ ತನ್ನ ಪಾಡಿಗೆ ತಾನು ಪಾಠ ಹೇಳುತ್ತಿತ್ತು.

"ತಡೆಯೋರು ಕಣ್ಣು ನೋಡ್ಬೇಡಿ, ಕಣ್ಣು ಸುಳ್ಳು ಹೇಳುತ್ತೆ. ಚೆಂಡು ನೋಡಿ. ನುಗ್ಗೋರು ಅವಸರ ಮಾಡ್ಬೇಡಿ. ತಡೆಯೋನು ಮೈಮೇಲೆ ಬರೋವರೆಗೂ ಕಾದು, ಆಮೇಲೆ ಪಾಸ್ ಕೊಡಿ. ಬನ್ನಿ, ನನ್ನ ಹತ್ರ ಇರೋದನ್ನ ಕಿತ್ಕೊಳ್ಳಿ."

ಸಾಲಿನಲ್ಲಿ ಈಗ ಎಲ್ಲರೂ ಬುಗುರಿ ಎಂದು ಕರೆಯುವ ಪುಟ್ಟ ಹುಡುಗಿ. ಅವಳೂ ಚೆಂಡಿಗೆ ಕಾಲು ಹಾಕಲಿಲ್ಲ.

"ನಿಂಗೇನಾಯ್ತೇ?"

"ಸಾರ್‌ಗೆ ತೊಂದ್ರೆ ಕೊಡಬಾರದು ಅಂತ ಹೆಡ್‌ಮಿಸ್ಸು ಹೇಳಿದಾರೆ ಸಾರ್."

ಮೇಷ್ಟ್ರು ಚೆಂಡಿನ ಮೇಲೆ ಕಾಲಿಟ್ಟು ನಿಂತರು.

"ಚೆಂಡು ಕಿತ್ಕೊಳ್ಳೋದು ತೊಂದ್ರೆ ಅಲ್ಲಮ್ಮ. ಬಾ."

"ಬಿದ್ಬಿಟ್ರೆ?"

"ಬಿದ್ರೆ ಏಳ್ತೀನಿ."

ಅವಳು ಒಮ್ಮೆ ಹಿಂದೆ ತಿರುಗಿ ಗೆಳತಿಯರನ್ನು ನೋಡಿದಳು. ಆಮೇಲೆ ನುಗ್ಗಿದಳು. ಭುಜ ಅವರ ತೊಡೆಗೆ ಬಡಿಯಿತು, ಕಾಲಡಿಯ ಚೆಂಡು ಚಿಮ್ಮಿತು, ಮೇಷ್ಟ್ರು ಜಲ್ಲಿಕಲ್ಲಿನ ನೆಲದ ಮೇಲೆ ಧೊಪ್ಪನೆ ಬಿದ್ದರು. ಹುಡುಗಿ ಚೆಂಡಿನ ಹಿಂದೆಯೇ ಓಡಿ ಅದನ್ನು ಗೋಲಿಗೆ ಒದ್ದು, ಆಮೇಲಷ್ಟೇ ತಿರುಗಿ ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು.

"ಸಾರ್, ರಕ್ತ!"

"ಗೋಲ್ ಆಯ್ತಾ?"

"ಆಯ್ತು ಸಾರ್."

"ಸರಿ ಹಾಗಾದ್ರೆ. ಮುಂದಿನೋರು ಬನ್ನಿ."

ಆಮೇಲೆ ಅವರನ್ನು ಯಾರೂ ಬಿಡಲಿಲ್ಲ. ಗಂಟೆ ಹೊಡೆಯುವವರೆಗೂ ಮಕ್ಕಳು ಒಬ್ಬರಾದ ಮೇಲೊಬ್ಬರು ಜೇನು ಎದ್ದ ಹಾಗೆ ಮೇಲೆ ಬಿದ್ದರು.

ಸಂಜೆ ಬಾಗಿಲು ತೆರೆದ ಅತ್ತೆಯ ಕಣ್ಣು ಹರಿದ ಪ್ಯಾಂಟಿನ ಮೇಲೇ ನಿಂತಿತು. ಮಗಳ ಆರೈಕೆಗೆಂದು ಬಂದವರು ಅವರು. ಮಗಳು ಹೋದ ಮೇಲೂ ಊರಿಗೆ ಹಿಂತಿರುಗಿರಲಿಲ್ಲ. ಹೋಗಿ ಎಂದು ಇವರೂ ಹೇಳಿರಲಿಲ್ಲ. ಒಬ್ಬರು ಅಡುಗೆಮನೆಯಲ್ಲಿ, ಇನ್ನೊಬ್ಬರು ಹಜಾರದಲ್ಲಿ, ಹೀಗೇ ಹೊತ್ತು ಹೋಗುತ್ತಿತ್ತು.

"ಎಲ್ಲಿ ಬಿದ್ರಿ ಅಳಿಯಂದ್ರೆ?"

"ಮಕ್ಕಳು ಬೀಳಿಸಿದ್ರು."

"ಬೀಳಿಸಿದ್ರಾ! ನೀವು ಬಯ್ಯಲಿಲ್ವಾ?"

"ನಾನೇ ಬೀಳಿಸಿ ಅಂದಿದ್ದೆ."

ಅತ್ತೆ ಒಳಗಿನಿಂದ ಬೆಚ್ಚಗಿನ ನೀರು, ಹಳೆಯ ಬಟ್ಟೆಯ ಚೂರು ತಂದು ನೆಲದ ಮೇಲೆ ಕೂತರು. ಮೇಷ್ಟ್ರು ಕಾಲು ಹಿಂದಕ್ಕೆಳೆದುಕೊಂಡರು.

"ಬೇಡ ಅತ್ತೆ, ನಾನೇ ತೊಳ್ಕೊಳ್ತೀನಿ."

"ಸುಮ್ನಿರಿ. ಕಲ್ಲು ಒಳಗೇ ಇದೆ."

ಒದ್ದೆ ಬಟ್ಟೆ ಗಾಯಕ್ಕೆ ತಾಗಿದ್ದೇ ಮೇಷ್ಟ್ರು ಹಲ್ಲು ಕಚ್ಚಿ ಸ್ಸ್ ಎಂದರು. ಅತ್ತೆಯ ಕೈ ಅಲ್ಲೇ ನಿಂತಿತು.

"ಉರೀತಾ ಇದೆಯೇನೋ ಮಗಾ?"

"ಉರೀತಿದೆ."

ಆಕೆ ಮುಂದಕ್ಕೆ ಬಾಗಿ, ಸೆರಗು ಗಾಯಕ್ಕೆ ತಾಕದಂತೆ ಎಡಗೈಯಲ್ಲಿ ಹಿಡಿದುಕೊಂಡು, ಮಂಡಿಯ ಮೇಲೆ ಮೆಲ್ಲಗೆ ಊದತೊಡಗಿದರು.