ಮೊದಲು, ನಡು, ಕೊನೆ

ಆ ಪ್ರಕಾಶನದಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರಿಗೂ ಅವಳು ಹಣೆಪಟ್ಟಿ ಅಕ್ಕ. ಬಂದ ಕಾದಂಬರಿ ಸಾಂಸಾರಿಕವೋ, ಪತ್ತೇದಾರಿಯೋ, ಹಾಸ್ಯವೋ, ಭಯಾನಕವೋ ಎಂದು ತೀರ್ಮಾನಿಸಿ ಹಸ್ತಪ್ರತಿಯ ಮೇಲೆ ಕೆಂಪು ಪೆನ್ಸಿಲಿನಲ್ಲಿ ಬರೆಯುವುದು ಅವಳ ಕೆಲಸ. ಮುಖಪುಟ, ಜಾಹೀರಾತು, ಅಂಗಡಿಯ ಕಪಾಟು ಎಲ್ಲವೂ ಆ ಒಂದು ಪದದ ಹಿಂದೆ ಕುರಿಗಳ ಹಾಗೆ ಹೋಗುತ್ತಿದ್ದವು. ಇದಕ್ಕಾಗಿ ಅವಳು ಪುಸ್ತಕವನ್ನು ಪೂರ್ತಿ ಓದುತ್ತಿದ್ದಳು ಎಂದು ನೀವು ನಂಬಿದ್ದರೆ ನಿಮ್ಮಷ್ಟು ಪಾಪದವರು ಇನ್ನೊಬ್ಬರಿಲ್ಲ. ಮೊದಲ ಅಧ್ಯಾಯ, ಸರಿಯಾಗಿ ನಡುವಿನದು, ಕೊನೆಯದು. ಅಲ್ಲಿಗೆ ಮುಗಿಯಿತು.

“ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಹಿಸುಕಿದ್ರೆ ಸಾಕು. ಪಾತ್ರೆಯೆಲ್ಲ ಖಾಲಿ ಮಾಡ್ಬೇಕಾ?” ಎಂದು ಹೋದಲ್ಲೆಲ್ಲ ಜಂಬ ಕೊಚ್ಚುತ್ತಿದ್ದಳು.

ತಂಗಿ ಪುಟ್ಟಿ ಮದುವೆಯಾದ ಹೊಸತರಲ್ಲಿ ಅವಳ ಮನೆಗೆ ಊಟಕ್ಕೆ ಹೋದಾಗಲೂ ಕೊಚ್ಚಿದ್ದಳು. ಪುಟ್ಟಿಯ ಗಂಡ ಔಷಧಿ ಅಂಗಡಿಯವನು, ಮೆದು ಮಾತಿನವನು. ಬಡಿಸುವ ಸೌಟು ಕೈಯಲ್ಲೇ ಹಿಡಿದು ಕೇಳಿಸಿಕೊಂಡು, “ಅಬ್ಬಾ ಅತ್ತಿಗೆ, ಇದು ಕಲೀಬೇಕಾದ ವಿದ್ಯೆ!” ಎಂದಿದ್ದ. ಇವಳು ಹಿರಿಹಿರಿ ಹಿಗ್ಗಿದ್ದಳು. ಅದೇ ದಿನ ಕೈ ತೊಳೆಯಲು ಒಳಗೆ ಹೋದಾಗ ಮಲಗುವ ಕೋಣೆಯ ಬಾಗಿಲಿಗೆ ಹೊರಗಡೆ ದಪ್ಪನೆಯ ಹೊಸ ಚಿಲಕ ಕಂಡಿತು. ಒಳಗಡೆಯ ಚಿಲಕವನ್ನು ಕಿತ್ತಿದ್ದರು, ಮೊಳೆಯ ತೂತುಗಳು ಮಾತ್ರ ಉಳಿದಿದ್ದವು. “ಬೆಕ್ಕಿನ ಕಾಟ ಅತ್ತಿಗೆ,” ಎಂದ ಅವನು. ಪುಟ್ಟಿ ನೆಲ ನೋಡುತ್ತ ಟವೆಲು ಚಾಚಿದಳು. ಬೆಕ್ಕು ಎಲ್ಲಿ ಎಂದು ಅಕ್ಕ ಕೇಳಲೂ ಇಲ್ಲ.

ಆಮೇಲೆ ಪುಟ್ಟಿ ಹೊರಗೆ ಬರುವುದು ಕಡಿಮೆಯಾಯಿತು. ಫೋನ್ ಮಾಡಿದರೆ ಅವನೇ ಎತ್ತುತ್ತಿದ್ದ. ಒಂದು ದಿನ ಅವನೇ ದಪ್ಪ ಕಟ್ಟೊಂದನ್ನು ತಂದು ಅಕ್ಕನ ಮೇಜಿನ ಮೇಲಿಟ್ಟ.

“ಪುಟ್ಟಿಗೆ ಮೈಯಲ್ಲಿ ಹುಷಾರಿಲ್ಲ. ಹೊತ್ತು ಹೋಗ್ಲಿ ಅಂತ ನಾನೇ ಬರೀ ಅಂದೆ, ಕಾದಂಬರೀನೇ ಬರೆದುಬಿಟ್ಟಿದ್ದಾಳೆ. ನಿಮ್ಮ ಸೂತ್ರದ ಪ್ರಕಾರ ನಾನೂ ನೋಡ್ದೆ ಅತ್ತಿಗೆ. ಮೊದಲು, ನಡು, ಕೊನೆ. ಗಂಡನ್ನ ದೇವರು ಮಾಡಿಟ್ಟಿದ್ದಾಳೆ, ನಂಗೇ ನಾಚಿಕೆ ಆಗುತ್ತೆ.”

ಅಕ್ಕ ಓದಿದಳು, ಮೂರು ಅಧ್ಯಾಯ. ಗಂಡ ಹೆಂಡತಿಯ ತಲೆ ಬಾಚುತ್ತಾನೆ, ತನ್ನ ಕೈಯಾರೆ ಔಷಧಿ ಕುಡಿಸುತ್ತಾನೆ, ಕೊನೆಗೆ ಮನೆಮಂದಿಯೆಲ್ಲ ಕೂತು ನಗುತ್ತಾರೆ. ಪುಟ್ಟಿ ಚಿಕ್ಕಂದಿನಿಂದ ಉಪ್ಪು ಖಾರ ಸುರಿದು ಬರೆಯುವವಳು. ಇಲ್ಲಿ ಬರೀ ಬೆಲ್ಲ. ಅಕ್ಕನ ಮನಸ್ಸಿಗೆ ಒಂದು ಕ್ಷಣ ಚುರುಕ್ ಎಂದಿತು. ಆದರೆ ಸೂತ್ರ ಅಂದರೆ ಸೂತ್ರ, ಸ್ವಂತ ತಂಗಿಯಾದರೇನು? ‘ಸಾಂಸಾರಿಕ’ ಎಂದು ಬರೆದು ಅವನಿಗೆ ಫೋನಿನಲ್ಲಿ ತಿಳಿಸಿದಳು. ಪುಟ್ಟಿಗೆ ಈಗಲೇ ಹೇಳುತ್ತೇನೆ ಎಂದು ಅವನು ಖುಷಿಪಟ್ಟ.

ಒಂದು ವಾರ ಕಳೆದ ಮೇಲೆ, ಮಧ್ಯಾಹ್ನ, ಮುಖಪುಟ ಬರೆಯುವ ಚಿತ್ರಗಾರ ಪುಟ್ಟಿಯ ಕಟ್ಟನ್ನು ತಂದು ಮೇಜಿನ ಮೇಲೆ ಧಪ್ಪನೆ ಹಾಕಿದ. ಅವನಿಗೆ ಮೂಗಿನ ತುದಿಯಲ್ಲೇ ಕೋಪ.

“ಇದಕ್ಕೆ ಸಾಂಸಾರಿಕ ಅಂತ ಯಾವ ಪುಣ್ಯಾತ್ಮರು ಬರೆದಿದ್ದು?”

“ನಾನೇ. ಯಾಕೆ, ನಿಂಗೆ ಹೂವು ಬಳ್ಳಿ ಬರೆಯೋಕೆ ಬೇಜಾರಾ?”

“ನಾನು ಚಿತ್ರಕ್ಕೆ ಒಂದು ದೃಶ್ಯ ಹುಡುಕ್ತಾ ಎಲ್ಲೆಲ್ಲೋ ತೆಗೆದು ನೋಡ್ದೆ ಅಕ್ಕಾ. ಆ ಮನೇಲಿ ಮಲಗೋ ಕೋಣೆಗೆ ಹೊರಗಡೆ ಚಿಲಕ. ಒಳಗಡೆ ಇದ್ದಿದ್ದನ್ನ ಕಿತ್ತಿದ್ದಾರೆ. ಬೆಕ್ಕು ಬರುತ್ತೆ ಅಂತಾನೆ ಗಂಡ, ಮನೇಲಿ ಬೆಕ್ಕೇ ಇಲ್ಲ!”

ಅಕ್ಕನ ನಗು ಬಾಯಲ್ಲೇ ಒಣಗಿತು. ಕಟ್ಟು ಬಿಚ್ಚಿ, ಬಿಟ್ಟಿದ್ದ ಅಧ್ಯಾಯಗಳನ್ನು ಓದತೊಡಗಿದಳು. ಹೆಂಡತಿಗೆ ದಿನವೂ ಒಂದು ಲೋಟ ಔಷಧಿ. ಕುಡಿದ ಮೇಲೆ ಕಾಲು ನಿಲ್ಲುವುದಿಲ್ಲ. ಬಳೆ ಮೊಣಕೈವರೆಗೆ ಜಾರುತ್ತದೆ. ಡಾಕ್ಟರು ಬೇಡವೇ ಎಂದರೆ ಗಂಡ, ‘ನನಗಿಂತ ಡಾಕ್ಟರಾ?’ ಎನ್ನುತ್ತಾನೆ. ಆ ಅಡುಗೆಮನೆ, ಆ ಕಿಟಕಿ, ಆ ಸೌಟು ಎಲ್ಲ ಅಕ್ಕ ಕಣ್ಣಾರೆ ಕಂಡವು. ಅಲ್ಲೇ ಒಂದು ಪುಟದ ನಡುವೆ ಹೆಂಡತಿ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಾಳೆ:

‘ಅಕ್ಕನ ಸೂತ್ರವನ್ನು ಇವರೂ ಕಲಿತಿದ್ದಾರೆ. ಅದಕ್ಕೇ ಇವರು ನೋಡುವ ಮೂರು ಕಡೆ ಬೆಲ್ಲ ಇಟ್ಟಿದ್ದೇನೆ. ಅಕ್ಕ ಯಾರದನ್ನೂ ಪೂರ್ತಿ ಓದುವವಳಲ್ಲ, ಗೊತ್ತು. ಆದರೆ ನನ್ನದನ್ನು ಓದುತ್ತಾಳೆ. ಓದಿದ ದಿನವೇ ಬಂದು ಕರೆದುಕೊಂಡು ಹೋಗುತ್ತಾಳೆ.’

ಅಯ್ಯೋ ದೇವರೇ! ‘ನಿಮ್ಮಕ್ಕ ಸಾಂಸಾರಿಕ ಅಂತ ಬರೆದಳಂತೆ’ ಎಂದು ಅವನು ನಗುತ್ತ ಹೇಳಿದಾಗ, ಆ ಕೋಣೆಯಲ್ಲಿ ಪುಟ್ಟಿಯ ಮುಖ ಹೇಗಾಗಿರಬೇಕು! ಅಕ್ಕನಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕೆನಿಸಿತು. ಅದಕ್ಕೂ ಪುರುಸೊತ್ತಿರಲಿಲ್ಲ. ಫೋನ್ ಮಾಡಿದಳು.

“ಪುಟ್ಟಿಗೆ ಕೊಡಿ, ಸ್ವಲ್ಪ ಮಾತಾಡ್ಬೇಕಿತ್ತು.”

“ಮಲಗಿದ್ದಾಳೆ ಅತ್ತಿಗೆ. ಯಾಕೆ, ಹಣೆಪಟ್ಟಿ ಏನಾದ್ರೂ ಬದಲಾಯ್ತಾ?”

“ಇಲ್ಲಪ್ಪ. ಸಾಂಸಾರಿಕಾನೇ.” ದನಿ ನಡುಗದಂತೆ ಹೇಳಲು ಅವಳು ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದಳು.

“ಹೌದಾ?” ಎಂದು ಅವನು ಸಣ್ಣಗೆ ನಕ್ಕ. “ಅವಳ ಹಾಸಿಗೆ ಕೆಳಗೆ ಇನ್ನೊಂದು ಪ್ರತಿ ಸಿಕ್ತು ಅತ್ತಿಗೆ. ಬೆಳಿಗ್ಗೆ ಅಂಗಡಿಗೆ ಹೋಗ್ಲಿಲ್ಲ, ಕೂತು ಓದಿದೆ. ಈ ಸಲ ಪೂರ್ತಿ.”

ಆ ಕಡೆ ಚಿಲಕ ಸರಿದ ಸದ್ದು ಕೇಳಿಸಿತು. ಫೋನ್ ಕಡಿದುಹೋಯಿತು.

“ಸ್ಕೂಟರ್ ತೆಗಿ!” ಎಂದು ಅಕ್ಕ ಅಲ್ಲೇ ನಿಂತಿದ್ದ ಚಿತ್ರಗಾರನಿಗೆ ಕಿರುಚಿದಳು. ಮೆಟ್ಟಿಲು ಇಳಿಯುತ್ತಲೇ ಪೊಲೀಸರಿಗೆ ಫೋನ್ ಹಚ್ಚಿ ತಂಗಿಯ ಮನೆಯ ವಿಳಾಸ ಕೂಗಿ ಹೇಳಿದಳು. ಕಟ್ಟು ಅವಳ ಕಂಕುಳಲ್ಲೇ ಇತ್ತು.

ಚಿತ್ರಗಾರ ಗಾಡಿ ಒದೆಯುತ್ತ ಕೇಳಿದ, “ಅಕ್ಕಾ, ಕೊನೇಲಿ ಆ ಹುಡುಗಿ ಏನಾಗ್ತಾಳೆ?”

“ಕೊನೆ ಅಧ್ಯಾಯ ಅವನಿಗೋಸ್ಕರ ಬರೆದಿದ್ದು ಕಣೋ,” ಎಂದು ಅವಳು ಹಿಂದೆ ಹತ್ತಿ ಕೂತಳು. “ನಿಜವಾದ್ದು ಅವಳಿಗೂ ಗೊತ್ತಿಲ್ಲ. ಬೇಗ ನಡಿ.”